ಹ್ಯಾನ್ಸ್ ಸೆಲ್ಯೆ

ಹ್ಯಾನ್ಸ್ ಸೆಲ್ಯೆ (26 ಜನವರಿ 1907 – 16 ಅಕ್ಟೋಬರ್ 1982) ಹಂಗೇರಿ ಮೂಲದ ಕೆನಡಾದ ವೈದ್ಯವಿಜ್ಞಾನಿ. ಒತ್ತಡವು ದೇಹದ ಮೇಲೆ ಮಾಡುವ ಪರಿಣಾಮವನ್ನು ಕುರಿತ ಸಂಶೋಧನೆಯಿಂದ ಪ್ರಸಿದ್ಧರಾದರು. ‘ಕ್ಯಾಲ್ಸಿಫೈಲ್ಯಾಕ್ಸಿಸ್’ ಎಂಬ ಪದವನ್ನು ರೂಪಿಸಿದವರೂ ಇವರೇ.

ಜೀವನ

ಸೆಲ್ಯೆ ವಿಯೆನ್ನಾದಲ್ಲಿ ಜನಿಸಿದರು. ತಂದೆ ಸೇನೆಯಲ್ಲಿ ಶಸ್ತ್ರವೈದ್ಯರಾಗಿದ್ದರು. ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಿಂದ 1929ರಲ್ಲಿ ವೈದ್ಯಪದವಿ ಪಡೆದು, ಮುಂದೆ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ಕಾಲಿಪ್ ಅವರ ಬಳಿ ಕೆಲಸ ಮಾಡಿದರು. ಪ್ಯಾರಾಥೈರಾಯ್ಡ್ ಗ್ರಂಥಿಯ ಸಾರವನ್ನು ಬೇರ್ಪಡಿಸಿದವರಲ್ಲಿ ಕಾಲಿಪ್ ಒಬ್ಬರು. ಶಿಷ್ಯನ ಮುಂದಿನ ಪ್ರಯೋಗಗಳಿಗೆ ಆ ಗ್ರಂಥಿಯ ಹಾರ್ಮೋನೇ ಒದಗಿದ್ದು ಗಮನಾರ್ಹ. 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಕಿರುಲೇಖನ ಒತ್ತಡದ ಸಿದ್ಧಾಂತಕ್ಕೆ ನಾಂದಿಯಾಯಿತು. 1945ರಿಂದ ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಂಸ್ಥೆಯನ್ನು ನಡೆಸಿದರು. ನೊಬೆಲ್ ಪ್ರಶಸ್ತಿಗೆ ಹಲವು ಬಾರಿ ಹೆಸರು ಸೂಚಿತವಾದರೂ ದೊರೆಯಲಿಲ್ಲ. ತಂಬಾಕು ಉದ್ಯಮದಿಂದ ಹಣ ಪಡೆದಿದ್ದುದು ಮರಣಾನಂತರ ಬೆಳಕಿಗೆ ಬಂದು ಅವರ ಕೀರ್ತಿಗೆ ಕಳಂಕ ತಂದಿತು.

ಕ್ಯಾಲ್ಸಿಫೈಲ್ಯಾಕ್ಸಿಸ್

1962ರಲ್ಲಿ ಇದೇ ಹೆಸರಿನ ಗ್ರಂಥವನ್ನು ಪ್ರಕಟಿಸಿದರು. ಇಲಿಗಳಿಗೆ ಮೊದಲು ಪ್ಯಾರಾಥೈರಾಯ್ಡ್ ಹಾರ್ಮೋನನ್ನೋ ‘ಡಿ’ ಜೀವಸತ್ವದಂಥ ವಸ್ತುವನ್ನೋ ಕೊಟ್ಟು ದೇಹವನ್ನು ಸಜ್ಜುಗೊಳಿಸುತ್ತಿದ್ದರು. ಕೆಲಕಾಲದ ನಂತರ ಲೋಹದ ಲವಣ ಮುಂತಾದ ಪ್ರಚೋದಕವನ್ನು ಪ್ರಯೋಗಿಸಿದಾಗ ಮೃದು ಅಂಗಾಂಶಗಳಲ್ಲಿ ಸುಣ್ಣ ಕಟ್ಟುತ್ತಿತ್ತು. ಮನುಷ್ಯರಲ್ಲಿ ಇಂದು ಈ ಹೆಸರಿನಿಂದ ಕರೆಯುವ ರೋಗ ಇದಕ್ಕಿಂತ ಭಿನ್ನವಾದುದು. ಅದರಲ್ಲಿ ಚರ್ಮ ಹಾಗೂ ಅದರಡಿಯ ಕೊಬ್ಬಿನ ಸಣ್ಣ ರಕ್ತನಾಳಗಳು ಸುಣ್ಣಗಟ್ಟಿ, ರಕ್ತ ಹೆಪ್ಪುಗಟ್ಟಿ, ತೀವ್ರ ನೋವಿನ ಹುಣ್ಣುಗಳಾಗುತ್ತವೆ. ಅವುಗಳಿಗೆ ಸೋಂಕು ತಗುಲಿ ಸಾವು ಸಂಭವಿಸುವುದೂ ಉಂಟು. ಹೆಸರು ಮಾತ್ರ ಸೆಲ್ಯೆಯವರದೇ ಉಳಿದಿದೆ.

ಮೂತ್ರಪಿಂಡ ಆರೋಗ್ಯವಾಗಿರುವವರಲ್ಲಿ

ಈ ರೋಗ ಹೆಚ್ಚಾಗಿ ಡಯಾಲಿಸಿಸ್ ರೋಗಿಗಳಲ್ಲಿ ಕಂಡುಬರುವುದರಿಂದ, ಮೂತ್ರಪಿಂಡ ಸರಿಯಿರುವವರಲ್ಲಿ ಗುರುತಿಸಲು ತಡವಾಗುತ್ತದೆ. ಇಲ್ಲಿ ಸೆಲ್ಯೆಯವರ ಎರಡು ಹಂತಗಳ ಕಲ್ಪನೆ ಈಗಲೂ ಉಪಯುಕ್ತ: ದೇಹವನ್ನು ಸಜ್ಜುಗೊಳಿಸಿದ್ದು ಯಾವುದು, ಕೆರಳಿಸಿದ್ದು ಯಾವುದು ಎಂದು ವೈದ್ಯರು ಹುಡುಕಬೇಕಾಗುತ್ತದೆ. ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಕ್ಯಾನ್ಸರ್, ಮದ್ಯಪಾನದಿಂದಾದ ಯಕೃತ್ತಿನ ರೋಗ, ವಾರ್ಫರಿನ್ ಸೇವನೆ ಇವು ಹಿನ್ನೆಲೆಯಲ್ಲಿ ಕಂಡುಬಂದಿವೆ. ಸುಣ್ಣಗಟ್ಟುವುದನ್ನು ತಡೆಯುವ ಪ್ರೋಟೀನಿಗೆ ‘ಕೆ’ ಜೀವಸತ್ವ ಅಗತ್ಯ. ವಾರ್ಫರಿನ್ ಅದಕ್ಕೆ ಅಡ್ಡಿಯಾಗುವುದರಿಂದ ಸಾಧ್ಯವಿದ್ದಲ್ಲಿ ಬದಲಿ ಔಷಧ ಕೊಡಲಾಗುತ್ತದೆ. ಗ್ರಂಥಿಯ ದೋಷವಿದ್ದರೆ ಶಸ್ತ್ರಚಿಕಿತ್ಸೆ ಮಾಡುವುದುಂಟು. ಗಾಯದ ಆರೈಕೆ ಮತ್ತು ನೋವಿನ ಶಮನ ಎಲ್ಲ ರೋಗಿಗಳಿಗೂ ಬೇಕು. ಛಾಯಾಗ್ರಾಹಕರು ‘ಹೈಪೋ’ ಎಂದು ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟನ್ನು ಶುದ್ಧ ಔಷಧರೂಪದಲ್ಲಿ ರಕ್ತನಾಳದ ಮೂಲಕ ನೀಡುವ ರೂಢಿಯೂ ಇದೆ. ಅದರ ಫಲದ ಬಗ್ಗೆ ದೊರೆಯುವ ಆಧಾರ ಬಹುಮಟ್ಟಿಗೆ ಬಿಡಿ ರೋಗಿಗಳ ವರದಿಗಳು.