ಬಟಾಣಿಯ ತೋಟದಿಂದ ಜೇನುಗೂಡಿನವರೆಗೆ: ಮಠಾಧಿಪತಿ ಗ್ರೆಗರ್ ಮೆಂಡೆಲ್

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗವು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ನಾಶಮಾಡಿತು. ಶರಾವತಿ ಹಿನ್ನೀರಿನ ಬ್ಯಾಕೋಡಿನಿಂದ ಹೊಸನಗರ, ತೀರ್ಥಹಳ್ಳಿಗಳವರೆಗೆ ಜೇನು ಸಾಕುವ ಮಲೆನಾಡಿನ ಮನೆಗಳಿಗೆ ಈ ರೋಗ ಅಪರಿಚಿತವಲ್ಲ. ಆದರೂ ಕೆಲವು ಕುಟುಂಬಗಳು ಬದುಕಿ ಉಳಿದವು. ಒಂದೇ ಕಾಡು, ಒಂದೇ ಹೂವು, ಒಂದೇ ರೋಗ. ಒಂದು ಗೂಡು ಬರಿದಾಗಿ ಮತ್ತೊಂದು ಉಳಿಯುವುದೇಕೆ? ಇಂತಹ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ತೆರೆದವರು ಒಬ್ಬ ಕಥೋಲಿಕ ಸನ್ಯಾಸಿ ಎಂಬುದನ್ನು ನಾವು ಅರಿಯಬೇಕು.

ಗ್ರೆಗರ್ ಮೆಂಡೆಲ್ ಜನಿಸಿದ್ದು 1822ರ ಜುಲೈಯಲ್ಲಿ, ಇಂದಿನ ಚೆಕ್ ಗಣರಾಜ್ಯದ ಒಂದು ಬಡ ರೈತ ಕುಟುಂಬದಲ್ಲಿ. ಯೋಹಾನ್ ಎಂಬುದು ಅವರ ಬಾಲ್ಯದ ಹೆಸರು. ಓದಿಗೆ ಹಣವಿಲ್ಲದಾಗ ತಂಗಿ ತೆರೇಸಿಯಾ ತನ್ನ ವಿವಾಹಕ್ಕೆಂದಿದ್ದ ಪಾಲಿನಲ್ಲಿ ಒಂದಂಶವನ್ನು ಅಣ್ಣನಿಗೆ ಬಿಟ್ಟುಕೊಟ್ಟಳು. ಮುಂದೆ ಆಕೆಯ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗಿ ಅವರು ಆ ಋಣವನ್ನು ತೀರಿಸಿದರು.

1843ರಲ್ಲಿ ಬ್ರನೋ ನಗರದ ಸಂತ ಅಗಸ್ಟೀನರ ಸಭೆಯ ಮಠವನ್ನು ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅವರು ಎಂದೂ ಉತ್ತೀರ್ಣರಾಗಲಿಲ್ಲ. ಆದರೆ 1856ರಿಂದ 1863ರವರೆಗೆ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ, ಪರೀಕ್ಷಿಸಿ, ಲೆಕ್ಕವಿಟ್ಟರು. ದುಂಡು ಬೀಜದ ಗಿಡವನ್ನು ಸುಕ್ಕು ಬೀಜದ ಗಿಡದೊಡನೆ ಸಂಕರಗೊಳಿಸಿದಾಗ ಮೊದಲ ಪೀಳಿಗೆಯ ಬೀಜಗಳೆಲ್ಲ ದುಂಡಾದವು. ಎರಡನೆಯದರಲ್ಲಿ 5,474 ದುಂಡು ಬೀಜಗಳೂ 1,850 ಸುಕ್ಕು ಬೀಜಗಳೂ ದೊರೆತವು. ಕಣ್ಮರೆಯಾದ ಗುಣ ನಾಶವಾಗಿರಲಿಲ್ಲ, ಅಡಗಿತ್ತು, ಅಷ್ಟೇ.

1866ರಲ್ಲಿ ಅಚ್ಚಾದ ಈ ಸಂಶೋಧನೆಯ ಮಹತ್ವವನ್ನು ಅಂದಿನ ವಿದ್ವಾಂಸರು ಗ್ರಹಿಸಲಿಲ್ಲ. 1868ರಲ್ಲಿ ಮಠಾಧಿಪತಿಯಾದ ಬಳಿಕ ಅವರು ಜೇನುನೊಣಗಳ ತಳಿಗಳನ್ನು ಬೆರೆಸಲು ಯತ್ನಿಸಿದರು. ರಾಣಿನೊಣವು ಆಗಸದಲ್ಲಿ ಹಾರುತ್ತಾ ಅನೇಕ ಗಂಡುನೊಣಗಳನ್ನು ಕೂಡುವುದರಿಂದ, ಬಟಾಣಿ ಹೂವಿನಂತೆ ಅದು ಅವರ ಕೈಗೆ ಒಗ್ಗಲಿಲ್ಲ. 1884ರ ಜನವರಿ 6ರಂದು, ಮೂವರು ರಾಯರ ಹಬ್ಬದ ದಿನ, ಅವರು ದೈವಾಧೀನರಾದರು. ಜಗತ್ತು ಅವರ ನಿಯಮಗಳನ್ನು ಗುರುತಿಸಿದ್ದು 1900ರಲ್ಲಿ.

ಅವರಿಗೆ ಕೈಗೂಡದ ಕಾರ್ಯವನ್ನು ಕಾಲವೇ ನೆರವೇರಿಸಿತು. ಕೆಲವು ಜೇನು ಕುಟುಂಬಗಳು ರೋಗಪೀಡಿತ ಮರಿಗಳ ಕಣದ ಮುಚ್ಚಳ ತೆರೆದು, ಅವನ್ನು ಹೊರಹಾಕಿ ಗೂಡನ್ನು ಶುಚಿಗೊಳಿಸುತ್ತವೆ. ಈ ಎರಡು ಕೆಲಸಗಳೂ ಪ್ರತ್ಯೇಕವಾಗಿ ಆನುವಂಶಿಕವಾಗಿ ಬರುತ್ತವೆಂದು ಅಮೆರಿಕದ ರೋಥನ್‌ಬ್ಯೂಲರ್ 1964ರಲ್ಲಿ ಮೆಂಡೆಲರ ವಿಧಾನದಿಂದಲೇ ವಿವರಿಸಿದರು. ಇದರ ಹಿಂದೆ ಇನ್ನೂ ಹಲವು ವಂಶವಾಹಿಗಳಿವೆಯೆಂದು ಅನಂತರ ತಿಳಿದುಬಂತು. ಭತ್ತದಲ್ಲಿಯೂ ಹೀಗೆಯೇ. ಒಡಿಶಾದ ಹಳೆಯ ತಳಿಯೊಂದರಿಂದ ಬಂದ, 2006ರಲ್ಲಿ ಗುರುತಿಸಲಾದ ಸಬ್-1ಎ ಎಂಬ ವಂಶವಾಹಿಯು ನೆರೆಯಲ್ಲಿ ಮುಳುಗಿದ ಸಸಿಯ ಬೆಳವಣಿಗೆಯನ್ನು ತಡೆಹಿಡಿದು, ಶಕ್ತಿಯನ್ನು ಉಳಿಸಿ, ಸುಮಾರು ಎರಡು ವಾರ ಅದನ್ನು ಕಾಯುತ್ತದೆ.

ಘಟ್ಟದ ಕೆಳಗೆ ಕುಮಟಾದ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವೂ, ರೋಗವನ್ನು ಗೆದ್ದುಳಿದ ತುಡುವೆಯೂ ಇಂತಹ ಅಡಗಿದ ಐಶ್ವರ್ಯವನ್ನೇ ಹೊತ್ತಿರುತ್ತವೆ. ಇಳುವರಿ ಕಡಿಮೆಯೆಂದು ಹಳೆಯ ಬೀಜವನ್ನು ಕೈಬಿಡುವ ಮುನ್ನ, ಉಳಿದ ಜೇನಿನ ಸಂತತಿಯನ್ನು ಕಡೆಗಣಿಸುವ ಮುನ್ನ, ತಾನು ಬಿತ್ತಿದ್ದರ ಫಲವನ್ನು ಕಾಣದೆಯೇ ಕಣ್ಮುಚ್ಚಿದ ಆ ಗುರುವರ್ಯರನ್ನು ನಾವು ನೆನೆಯೋಣ.