ಸಾಧನೆಯನ್ನೇ ಕಾಣಿಕೆಯಾಗಿಸಿದ ಆಂಟನ್ ಬ್ರುಕ್ನರ್

1824ರಲ್ಲಿ ಆಸ್ಟ್ರಿಯದ ಆನ್ಸ್‌ಫೆಲ್ಡೆನ್ ಗ್ರಾಮದ ಉಪಾಧ್ಯಾಯರ ಕುಟುಂಬದಲ್ಲಿ ಜನಿಸಿದ ಆಂಟನ್ ಬ್ರುಕ್ನರ್, ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು ಸಂತ ಫ್ಲೋರಿಯನರ ಮಠದ ಗಾನವೃಂದವನ್ನು ಸೇರಿ, ಮುಂದೆ ಅಲ್ಲಿಯೇ ಆರ್ಗನ್ ವಾದಕರಾದರು. ವಾದನದಲ್ಲಿ ಹೆಸರಾದ ಮೇಲೂ 1855ರಲ್ಲಿ ವಿಯೆನ್ನಾದ ಸಿಮೋನ್ ಸೆಕ್ಟರ್ ಅವರ ಶಿಷ್ಯರಾಗಿ, ಗುರುವಿನ ಆಜ್ಞೆಯಂತೆ ಸ್ವಂತ ರಚನೆಗಳನ್ನು ಬಹುಮಟ್ಟಿಗೆ ಬದಿಗಿರಿಸಿ, 1861ರವರೆಗೆ ಸ್ವರಸಂಯೋಜನೆಯ ನಿಯಮಗಳನ್ನೇ ಅಭ್ಯಸಿಸಿದರು. ಆ ವಿಧೇಯತೆಯ ಫಲವಾಗಿ 1864ರಲ್ಲಿ ಅವರ ಪ್ರೌಢ ಬಲಿಪೂಜಾ ಸಂಗೀತ ಮೂಡಿತು. 1877ರಲ್ಲಿ ಅವರ ಮೂರನೆಯ ಸಿಂಫನಿ ಮುಗಿಯುವ ಮುನ್ನವೇ ಶ್ರೋತೃಗಳನೇಕರು ಎದ್ದುಹೋದರು. ನೊಂದರೂ ಅವರು ಕೃತಿಗಳನ್ನು ತಿದ್ದಿ ತಿದ್ದಿ ಬರೆದರು. 1884ರಲ್ಲಿ ಏಳನೆಯ ಸಿಂಫನಿ ಕೀರ್ತಿ ತಂದಿತು. ದೇವರಿಗೆ ಅರ್ಪಿಸಬಯಸಿದ ಒಂಬತ್ತನೆಯದು ಪೂರ್ಣವಾಗುವ ಮುನ್ನ, 1896ರಲ್ಲಿ ದೈವಾಧೀನರಾದರು. ಮಠದ ಆರ್ಗನ್ನಿನ ಕೆಳಗೇ ಅವರ ಸಮಾಧಿಯಿದೆ. ಪ್ರತಿಭೆ ದೇವರ ದಾನ. ಅದನ್ನು ಶ್ರಮದಿಂದ ಬೆಳಗಿಸುವುದೇ ನಾವು ಸಲ್ಲಿಸುವ ಕಾಣಿಕೆ.