ಖರ್ಷೇದ್‌ಜಿ ರುಸ್ತುಂಜಿ ಕಾಮಾ

ನಮ್ಮ ಹೈದರಾಬಾದಿನ ತಿಲಕ್ ರಸ್ತೆಯಲ್ಲಿ ಪಾರಸಿಗಳ ಅಗ್ನಿಮಂದಿರವೊಂದುಂಟು, 1904ರಲ್ಲಿ ಕಟ್ಟಿದ್ದು. ಅನ್ಯಮತದವರಿಗೆ ಒಳಗೆ ಪ್ರವೇಶವಿಲ್ಲ. ಮಣಿಕೊಂಡದಿಂದ ಆ ಕಡೆ ಹೋದಾಗಲೆಲ್ಲ, ಒಳಗಿನ ಪ್ರಾರ್ಥನೆ ಯಾವ ಭಾಷೆಯಲ್ಲಿ ನಡೆಯುವುದೋ ಎಂದು ನಾವು ಕುತೂಹಲಪಟ್ಟಿದ್ದೇವೆ. ಅದು ಅವೆಸ್ತಾ ಭಾಷೆ. ಈಗ ಅದು ಯಾರ ಮನೆಮಾತೂ ಅಲ್ಲ. ಪಾರಸಿಗಳು ಮನೆಯಲ್ಲಿ ಆಡುವುದು ಗುಜರಾತಿ. ಆದರೂ ಪ್ರವಾದಿ ಜರತುಷ್ಟ್ರನ ಗಾಥೆಗಳನ್ನು ಪುರೋಹಿತರು ತಲೆಮಾರುಗಳಿಂದ ಬಾಯಿಪಾಠದಿಂದ ಉಳಿಸಿಕೊಂಡು ಬಂದರು. ಮಾತು ಉಳಿಯಿತು, ಅರ್ಥ ಬಹುಮಟ್ಟಿಗೆ ಮಸುಕಾಯಿತು. ಆ ಅರ್ಥವನ್ನರಸಿ ಹೊರಟವರಲ್ಲಿ ಕಾಮಾ ಮಹನೀಯರು ಪಂಡಿತ ವಂಶದವರಲ್ಲ, ಪುರೋಹಿತರೂ ಅಲ್ಲ, ವ್ಯಾಪಾರಿಗಳು. ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡುವ ನಮಗೆ ಅವರಲ್ಲಿ ವಿಶೇಷ ಅಭಿಮಾನವಿದ್ದರೆ ವಾಚಕರು ಮನ್ನಿಸಬೇಕು.

ಅವರು ಹುಟ್ಟಿದ್ದು 1831ರಲ್ಲಿ, ಮುಂಬಯಿಯಲ್ಲಿ. 1855ರಲ್ಲಿ ದಾದಾಭಾಯಿ ನವರೋಜಿಯವರೊಡನೆ ಲಂಡನ್ನಿನಲ್ಲಿ ಕಾಮಾ ಕಂಪನಿಯನ್ನು ತೆರೆದರು. ಅಲ್ಲಿ ಭಾರತೀಯರು ನಡೆಸಿದ ಮೊದಲ ವ್ಯಾಪಾರಸಂಸ್ಥೆ ಇದೆಂದು ಪ್ರಸಿದ್ಧಿ. ಅವರ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಪ್ಯಾರಿಸ್ಸಿಗೆ ಹೋಗಿ ಮೋಲ್ ಮತ್ತು ಒಪ್ಪೆರ್ಟ್ ಎಂಬ ವಿದ್ವಾಂಸರ ಬಳಿಯೂ, ಜರ್ಮನಿಯ ಎರ್ಲಾಂಗೆನ್‌ನಲ್ಲಿ ಸ್ಪೀಗೆಲರ ಬಳಿಯೂ ಕಲಿತರು. ತನ್ನ ಮನೆಯ ಪ್ರಾರ್ಥನೆಯ ಅರ್ಥವನ್ನು ಪರದೇಶದಲ್ಲಿ, ಪರಮತದವರ ಪಾದದಡಿ ಕುಳಿತು ಕಲಿಯುವುದೆಂದರೆ ಮನಸ್ಸಿಗೆ ಎಷ್ಟು ಕಷ್ಟವಾಗಿದ್ದೀತು!

ಆ ವಿದ್ವಾಂಸರ ಕೈಯಲ್ಲಿದ್ದ ಬೀಗದ ಕೈ ನಮ್ಮ ಸಂಸ್ಕೃತವೇ. ಕನ್ನಡದಲ್ಲಿ ಪಾಲು ಹಾಲಾದಂತೆ, ಪೂವು ಹೂವಾದಂತೆ, ಅಲ್ಲಿ ಸಕಾರ ಹಕಾರವಾಯಿತು. ಸೋಮವೆಂಬುದು ಹಓಮ, ಸಪ್ತವೆಂಬುದು ಹಪ್ತ, ಅಸುರನೆಂಬುದು ಅಹುರ. ನಮಗೆ ಅಸುರನೆಂದರೆ ರಾಕ್ಷಸ, ಅವರಿಗೆ ಅಹುರನೇ ಪರಮೇಶ್ವರ! ಯಜ್ಞ ಅಲ್ಲಿ ಯಸ್ನ.

1859ರಲ್ಲಿ ಮುಂಬಯಿಗೆ ಮರಳಿದ ಕಾಮಾ, 1861ರಲ್ಲಿ ಯುವ ಪುರೋಹಿತರಿಗಾಗಿ ಪಾಠ ಆರಂಭಿಸಿದರು. ಬಾಯಿಪಾಠ ಚೆನ್ನಾಗಿ ಬರುತ್ತಿದ್ದ ಹುಡುಗರಿಗೆ ಪದಚ್ಛೇದ, ವಿಭಕ್ತಿ, ಧಾತು ಎಲ್ಲವನ್ನೂ ಮೊದಲಿನಿಂದ ಹೇಳಿಕೊಡಬೇಕಾಗಿತ್ತು. ಪುರೋಹಿತರಿಗೆ ವ್ಯಾಪಾರಿ ಪಾಠ ಹೇಳುವ ವಿಚಿತ್ರವನ್ನು ನೋಡಿ! ಮಣಿಕೊಂಡದ ನಮ್ಮ ಮಕ್ಕಳೂ ವಚನಗಳನ್ನು ಸೊಗಸಾಗಿ ಒಪ್ಪಿಸುತ್ತಾರೆ; ಪುಸ್ತಕ ಮುಂದಿಟ್ಟರೆ ಅಕ್ಷರ ಬಾರದೆ ನಮ್ಮ ಮುಖ ನೋಡುತ್ತಾರೆ. ಆದ್ದರಿಂದ ಆ ಪಾಠಶಾಲೆಯ ವಿಷಯ ಓದುವಾಗ ನಮಗೆ ಸ್ವಲ್ಪ ನಾಚಿಕೆಯೂ ಆಯಿತು.

ಶಿಷ್ಯರಲ್ಲಿ ಭರೂಚಾ, ಅಂಕ್ಲೇಸರಿಯಾ, ಕಾಂಗಾ ಮುಖ್ಯರು. ಕಾವಸ್‌ಜಿ ಕಾಂಗಾ 1891ರಲ್ಲಿ ಅವೆಸ್ತಾ ವ್ಯಾಕರಣವನ್ನೂ 1900ರಲ್ಲಿ ನಿಘಂಟನ್ನೂ ಹೊರತಂದರು. ಗುರುಗಳು ಅದನ್ನು ಕಣ್ಣಾರೆ ಕಂಡು 1909ರಲ್ಲಿ ಕಾಲವಾದರು. 1907ರಲ್ಲಿ ಜರ್ಮನಿಯಲ್ಲಿ ಭಾರತದ ಬಾವುಟ ಹಾರಿಸಿದ ಮೇಡಂ ಕಾಮಾ ಇವರ ಸೊಸೆಯೇ. 1916ರಲ್ಲಿ ಮುಂಬಯಿಯಲ್ಲಿ ಅವರ ಹೆಸರಿನ ಪ್ರಾಚ್ಯವಿದ್ಯಾ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿ ಅವೆಸ್ತಾ ಹಸ್ತಪ್ರತಿಗಳನ್ನು ಕಾಪಾಡಿಟ್ಟಿದ್ದಾರೆ.